ಎರಡು ಸೆಕೆಂಡ್ ಸಾಕು ಅಂದರೆ ಎರಡೇ ಸಾಕು

ಶಿವಮೊಗ್ಗದ ಅಡಿಕೆ ಮಂಡಿಗಳ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುವ ನಮಗೆ ಸದಾ ಬರುವ ದೂರು: "ಸರ್, ಸಿಸ್ಟಮ್ ತುಂಬಾ ಸ್ಲೋ." ನಾನು ತಿರುಗಿ ಕೇಳುತ್ತೇನೆ: ಯಾವ ಸ್ಕ್ರೀನ್, ಎಷ್ಟು ಹೊತ್ತು ಹಿಡಿಯುತ್ತದೆ, ಎಷ್ಟಕ್ಕೆ ಬಂದರೆ ಸಾಕು? ಕೊನೆಯ ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳದೆ ಡೇಟಾಬೇಸ್ ಮುಟ್ಟಲೇಬಾರದು. ಈ ಕೆಲಸ ತಾನಾಗಿ ಮುಗಿಯುವಂಥದ್ದಲ್ಲ.

ಒಂದು ಮಂಡಿಯಲ್ಲಿ ರೈತರ ಖಾತೆ ತೆರೆಯಲು 9 ಸೆಕೆಂಡ್ ಬೇಕಿತ್ತು. ಎಕ್ಸ್‌ಪ್ಲೇನ್ ಅನಲೈಜ್ (ಡೇಟಾಬೇಸ್ ಹೇಗೆ ಹುಡುಕಿತು, ಎಲ್ಲಿ ಹೊತ್ತು ಹೋಯಿತು ಅಂತ ತೋರಿಸುವ ಕಮಾಂಡ್) ಹಾಕಿ ನೋಡಿದರೆ, ಒಬ್ಬರ ನಾಲ್ಕಾರು ಸಾಲಿಗಾಗಿ ನಮ್ಮ ಡೇಟಾಬೇಸ್ ಸಾಫ್ಟ್‌ವೇರ್ ಆದ ಪೋಸ್ಟ್‌ಗ್ರೆಸ್ ಇಡೀ ವಹಿವಾಟಿನ ಟೇಬಲ್ಲನ್ನೇ ಓದುತ್ತಿತ್ತು. ಖಾತೆ ನಂಬರ್ ಮತ್ತು ತಾರೀಖು ಸೇರಿಸಿ ಒಂದು ಇಂಡೆಕ್ಸ್ (ಪುಸ್ತಕದ ಕೊನೆಯ ಪದಸೂಚಿಯಂತೆ ಬೇಕಾದ ಸಾಲನ್ನು ಬೇಗ ಹುಡುಕಿಕೊಡುವ ಪಟ್ಟಿ) ಹಾಕಿದೆವು. ಅರ್ಧ ಸೆಕೆಂಡಿಗೆ ಇಳಿಯಿತು. ಗುಮಾಸ್ತರು ಕೇಳಿದ್ದು 2 ಸೆಕೆಂಡ್. ಅಲ್ಲಿಗೆ ಮುಗೀತು ಅಲ್ವಾ?

ನಮ್ಮ ತಂಡದ ಹುಡುಗನಿಗೆ ಸಮಾಧಾನವಿಲ್ಲ. ಇನ್ನೆರಡು ಇಂಡೆಕ್ಸ್ ಹಾಕಿದರೆ 0.1ಕ್ಕೆ ತರಬಹುದು ಎಂದ. ನಿಜ, ತರಬಹುದಿತ್ತು. ಆದರೆ ಪಕ್ಕದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕರಕರ ಅಂತ ಪಟ್ಟಿ ಮುಗಿಸುವುದಕ್ಕೆ ಅದರ ಎಷ್ಟೋ ಪಟ್ಟು ಹೊತ್ತು ಬೇಕು. ಕೌಂಟರಿನಲ್ಲಿ ಕಾಯುವ ರೈತರಿಗೆ ಆ 0.4 ಸೆಕೆಂಡಿನ ಉಳಿತಾಯ ಗೊತ್ತೇ ಆಗದು. 1967ರಲ್ಲಿ ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ ಹಲವು ಪ್ರೊಸೆಸರ್‌ಗಳ ಬಗ್ಗೆ ಹೇಳಿದ ಲೆಕ್ಕ ಇಲ್ಲಿಗೂ ಸಲ್ಲುತ್ತದೆ: ಒಟ್ಟು ಹೊತ್ತಿನಲ್ಲಿ ಯಾವುದರ ಪಾಲು ಚಿಕ್ಕದೋ, ಅದನ್ನು ಎಷ್ಟು ಚುರುಕು ಮಾಡಿದರೂ ಸಿಗುವ ಲಾಭ ಅಷ್ಟಕ್ಕಷ್ಟೇ.

ಜೊತೆಗೆ ಇಂಡೆಕ್ಸ್ ಪುಕ್ಕಟೆ ಬರುವುದಿಲ್ಲ. ಹೊಸ ಲಾಟ್ ನಮೂದಾದಾಗಲೆಲ್ಲ ಆ ಟೇಬಲ್ಲಿನ ಇಂಡೆಕ್ಸ್‌ಗಳಲ್ಲೂ ಬರೆಯಬೇಕು. ಕೊಯ್ಲು ಮುಗಿದು ರಾಶಿ, ಬೆಟ್ಟೆ, ಗೊರಬಲು ಅಂತ ಬಗೆಬಗೆಯ ಅಡಿಕೆ ಚೀಲಗಳು ಒಟ್ಟಿಗೇ ಬಂದಿಳಿಯುವ ದಿನಗಳಲ್ಲಿ ತೂಕದ ನಮೂದು ನಿಂತರೆ ಯಾರ್ಡಿನಲ್ಲಿ ಗಾಡಿಗಳೇ ನಿಲ್ಲುತ್ತವೆ. ನನಗೆ ಆ ಭಯವೇ ದೊಡ್ಡದು.

ಸೆಟ್ಟಿಂಗ್‌ಗಳದ್ದೂ ಅಷ್ಟೇ. ಪೋಸ್ಟ್‌ಗ್ರೆಸ್‌ನ ಶೇರ್ಡ್ ಬಫರ್ಸ್ (ಓದಿದ ಡೇಟಾವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ಸಾಮಾನ್ಯವಾಗಿ 128 ಎಂಬಿಯಲ್ಲೇ ಇರುತ್ತದೆ. ಡೇಟಾಬೇಸ್‌ಗೆಂದೇ ಇಟ್ಟ ಸರ್ವರ್ ಆದರೆ ರ‍್ಯಾಮ್‌ನ ಕಾಲು ಭಾಗ ಕೊಡಿ. ಆಮೇಲೆ 25 ಪರ್ಸೆಂಟೋ 27 ಪರ್ಸೆಂಟೋ ಅಂತ ಸುಮ್ನೆ ದಿನ ಕಳೆಯಬೇಡಿ.

ಕೈ ಸುಮ್ಮನಿರದಿದ್ದರೆ ಹಳೆಯ ಇಂಡೆಕ್ಸ್‌ಗಳನ್ನು ನೋಡಿ. ಒಮ್ಮೆಯೂ ಬಳಕೆಯಾಗದವು ಯಾವುವೆಂದು ಪೋಸ್ಟ್‌ಗ್ರೆಸ್ ತಾನೇ ಲೆಕ್ಕ ಇಟ್ಟಿರುತ್ತದೆ. ಒಂದೇ ನಂಬರ್ ಎರಡು ಸಲ ನಮೂದಾಗದಂತೆ ತಡೆಯುವ ಪ್ರೈಮರಿ ಕೀ, ಯೂನಿಕ್ ಇಂಡೆಕ್ಸ್‌ಗಳನ್ನು ಮಾತ್ರ ಮುಟ್ಟಬೇಡಿ. ಉಳಿದವನ್ನೂ ಮಾರ್ಚ್ ಲೆಕ್ಕ ಮುಗಿಯುವ ತನಕ ಅಳಿಸಬೇಡಿ. ಕೆಲವು ಇಂಡೆಕ್ಸ್‌ಗಳು ವರ್ಷಕ್ಕೊಮ್ಮೆ, ಆ ಒಂದು ರಿಪೋರ್ಟಿಗೇ ಬೇಕಾಗುತ್ತವೆ.