ಡಿಸ್ಟ್ರಿಬ್ಯೂಟರ್‌ಗೆ ಕೈ ಹಾಕುವ ಮುಂಚೆ ಪುಲ್ಲಿ ನೋಡಿ

ಹಳೆಯ ಕಾರು ತಂದವರು ಬಾನೆಟ್ ಎತ್ತುವ ಮುಂಚೆಯೇ ಹೇಳುವ ಮಾತೊಂದಿದೆ. "ಟೈಮಿಂಗ್ ನಿಲ್ತಾನೇ ಇಲ್ಲ ಸಾರ್. ಎಷ್ಟು ಸಲ ಸೆಟ್ ಮಾಡಿಸಿದ್ರೂ ಮತ್ತೆ ಔಟ್ ಆಗುತ್ತೆ." ಟೈಮಿಂಗ್ ಅಂದರೆ ಪಿಸ್ಟನ್ ಎಲ್ಲಿರುವಾಗ ಪ್ಲಗ್‌ನಲ್ಲಿ ಕಿಡಿ ಹಾರಬೇಕು ಅನ್ನುವ ಲೆಕ್ಕ. ಆಮೇಲೆ ಬದಲಾಯಿಸಿದ ಸಾಮಾನುಗಳ ಪಟ್ಟಿ ಬರುತ್ತದೆ. ಪಾಯಿಂಟ್ಸ್, ಕಂಡೆನ್ಸರ್, ಕಾಯಿಲ್, ಪ್ಲಗ್ ವೈರ್, ಕೊನೆಗೆ ಪ್ಲಗ್‌ಗಳಿಗೆ ಸರದಿಯ ಮೇಲೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್. ಎಲ್ಲ ಕೇಳಿಸಿಕೊಂಡ ಮೇಲೆ ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಕ್ರ್ಯಾಂಕ್ ಪುಲ್ಲಿಯ, ಅಂದರೆ ಎಂಜಿನ್ನಿನ ಮುಖ್ಯ ಶಾಫ್ಟಿನ ತುದಿಯಲ್ಲಿರುವ ಗಾಲಿಯ, ಮೇಲಿರುವ ಗೀಟು ಅದರ ಜಾಗದಲ್ಲೇ ಇದೆಯಾ ಅಂತ ಯಾರಾದರೂ ನೋಡಿದ್ದಾರಾ? ಇಷ್ಟು ವರ್ಷಗಳಲ್ಲಿ ಹೌದು ಅಂದವರು ತೀರಾ ಕಡಿಮೆ.

ಟೈಮಿಂಗ್ ಲೈಟ್ ಏನು ಮಾಡುತ್ತದೆ ಅಂತ ಒಮ್ಮೆ ಯೋಚಿಸಿ. ಒಂದನೇ ಸಿಲಿಂಡರಿನ ಪ್ಲಗ್‌ಗೆ ಕಿಡಿ ಹೋದಾಗಲೆಲ್ಲ ಅದು ಮಿಂಚುತ್ತದೆ, ಅಷ್ಟೇ. ಆ ಮಿಂಚಿನಲ್ಲಿ ತಿರುಗುವ ಪುಲ್ಲಿ ನಿಂತಂತೆ ಕಾಣುತ್ತದೆ. ಗೀಟು ಎಷ್ಟನೇ ಡಿಗ್ರಿಯಲ್ಲಿದೆ ಅಂತ ಎಂಜಿನ್ ಮೇಲೆ ಅಲ್ಲಾಡದೆ ಕೂತ ಮುಳ್ಳಿನ ಎದುರು ಓದಿಕೊಳ್ಳುತ್ತೇವೆ. ಆದರೆ ಲೈಟಿಗೆ ಪಿಸ್ಟನ್ ಕಾಣುವುದಿಲ್ಲ. ನಮಗೂ ಕಾಣುವುದಿಲ್ಲ. ಗೀಟು ಸೊನ್ನೆಗೆ ಬಂದರೆ ಪಿಸ್ಟನ್ ತುತ್ತತುದಿಗೆ, ಅಂದರೆ ಟಿಡಿಸಿಗೆ ಬಂದಿದೆ ಅಂತ ನಂಬಿಕೊಂಡು ಕೆಲಸ ಮಾಡುತ್ತೇವೆ. ಆ ನಂಬಿಕೆಯನ್ನು ಪರೀಕ್ಷೆ ಮಾಡದೆ ಟೈಮಿಂಗ್ ಬದಲಿಸಲು ಡಿಸ್ಟ್ರಿಬ್ಯೂಟರ್ ತಿರುಗಿಸುತ್ತಾರಲ್ಲ, ಅದನ್ನು ನೋಡಿದಾಗ ನನಗೆ ನಿಜವಾಗಿಯೂ ಬೇಜಾರಾಗುತ್ತದೆ.

ಬಹಳಷ್ಟು ಎಂಜಿನ್‌ಗಳ ಪುಲ್ಲಿ ಒಂದೇ ಕಬ್ಬಿಣದ ತುಂಡಲ್ಲ. ಒಳಗೆ ಹಬ್, ಹೊರಗೆ ಭಾರದ ಬಳೆ, ನಡುವೆ ರಬ್ಬರ್. ಸಿಲಿಂಡರ್ ಹೊಡೆದಾಗಲೆಲ್ಲ ಕ್ರ್ಯಾಂಕ್ ಶಾಫ್ಟ್ ಒಂಚೂರು ತಿರುಚಿ ಬಿಡುತ್ತದೆ. ಆ ನಡುಕವನ್ನು ತಗ್ಗಿಸಲು ಈ ರಬ್ಬರ್ ಬೇಕು. ಹಬ್ಬನ್ನು ಕೀ ಮತ್ತು ಬೋಲ್ಟ್ ಕ್ರ್ಯಾಂಕಿಗೆ ಬಿಗಿಯಾಗಿ ಹಿಡಿದಿರುತ್ತವೆ. ಗೀಟು ಇರುವುದು ಮಾತ್ರ ಎಷ್ಟೋ ಎಂಜಿನ್‌ಗಳಲ್ಲಿ ಹೊರಗಿನ ಬಳೆಯ ಮೇಲೆ. 20–30 ವರ್ಷ ಎಂಜಿನ್ ಶಾಖ, ಸೋರುವ ಆಯಿಲ್. ರಬ್ಬರ್ ಮೊದಲು ಬಿರುಕು ಬಿಡುತ್ತದೆ, ಆಮೇಲೆ ಹಿಡಿತ ಬಿಡುತ್ತದೆ. ಇನ್ನೊಂದು ಕಡೆ ಫ್ಯಾನ್ ಬೆಲ್ಟ್ ಬಳೆಯನ್ನು ಎಳೆಯುತ್ತಲೇ ಇರುತ್ತದೆ. ಬಳೆ ನಿಧಾನವಾಗಿ ಜಾರುತ್ತದೆ. ಸದ್ದಿಲ್ಲ, ಹೊಗೆಯಿಲ್ಲ. ಕಾರಿನ ಓಟದಲ್ಲೂ ಏನೂ ವ್ಯತ್ಯಾಸ ಬರುವುದಿಲ್ಲ, ಏಕೆಂದರೆ ಕಿಡಿಗೂ ಆ ಗೀಟಿಗೂ ಸಂಬಂಧವೇ ಇಲ್ಲ. ತೊಂದರೆ ಶುರುವಾಗುವುದು ಯಾರಾದರೂ ಲೈಟ್ ಹಿಡಿದು ಆ ಗೀಟನ್ನು ನಂಬಿದಾಗ.

ಒಬ್ಬ ಹಿರಿಯರು ಒಂದು ಹಳೆಯ ಕಾರ್ಬ್ಯುರೇಟರ್ ಕಾರು ತಂದಿದ್ದರು. ಆ ಕಾರನ್ನು ಬಹಳ ಪ್ರೀತಿಯಿಂದ ಇಟ್ಟುಕೊಂಡಿದ್ದರು. ಪಿಕಪ್ ಇಲ್ಲ, ಏರು ಹತ್ತುವುದಿಲ್ಲ, ಬಿಸಿಯಾಗುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಒಂದು ವರ್ಷದಲ್ಲಿ ಎರಡು ಹೊಸ ಡಿಸ್ಟ್ರಿಬ್ಯೂಟರ್ ಹಾಕಿಸಿದ್ದರು. ಹಳೆಯದೂ ಸೇರಿ ಮೂರನ್ನೂ ಜೋಪಾನ ಮಾಡಿದ್ದರು. ಜೊತೆಗೆ ಒಂದು ಚಿಕ್ಕ ನೋಟ್‌ಬುಕ್. ಪ್ರತಿ ಸಲ ಲೈಟ್ ಹಾಕಿದಾಗ ಎಷ್ಟು ತೋರಿಸಿತು, ಎಷ್ಟಕ್ಕೆ ತಂದರು, ಕಾರು ಹೇಗೆ ಓಡಿತು, ಎಲ್ಲ ಅದರಲ್ಲಿತ್ತು. ನನಗೆ ಸಿಕ್ಕ ಅತಿ ಒಳ್ಳೆಯ ಉಪಕರಣ ಅಂದರೆ ಆ ನೋಟ್‌ಬುಕ್ಕೇ.

ಆ ಎಂಜಿನ್‌ಗೆ ಬೇಕಾದ ಟೈಮಿಂಗ್ ಟಿಡಿಸಿಗೆ 8 ಡಿಗ್ರಿ ಮುಂಚೆ. ಮೊದಲ ಸಲ ನೋಡಿದಾಗ ಲೈಟ್ 11 ತೋರಿಸಿತ್ತು. 8ಕ್ಕೆ ತಂದಿದ್ದರು. "ಎಳೆತ ಸ್ವಲ್ಪ ಕಡಿಮೆ" ಅಂತ ಬರೆದುಕೊಂಡಿದ್ದರು. ಮುಂದಿನ ಸಲ 12, ಮತ್ತೆ 8ಕ್ಕೆ. ಮತ್ತೊಮ್ಮೆ 12, ಹೊಸ ಡಿಸ್ಟ್ರಿಬ್ಯೂಟರ್ ಹಾಕಿ 8ಕ್ಕೆ. ಕೊನೆಗೆ 11, ಇನ್ನೊಂದು ಡಿಸ್ಟ್ರಿಬ್ಯೂಟರ್, ಮತ್ತೆ 8. ಪ್ರತಿ ಸಲದ ಮುಂದೆಯೂ ಒಂದೇ ದೂರು: ಸರಿ ಮಾಡಿಸಿದ ಮೇಲೆ ಕಾರು ಇನ್ನೂ ಮಂಕಾಯಿತು.

ಇಲ್ಲಿ ಎರಡು ಸುಳಿವು ಇವೆ, ನಿಧಾನವಾಗಿ ಓದಿ. ಒಂದು, ರೀಡಿಂಗ್ ಬದಲಾದಾಗ ಕಾರಿನ ಓಟ ಬದಲಾಗಿಲ್ಲ. ಓಟ ಬದಲಾಗಿದ್ದು ಯಾರೋ ರೀಡಿಂಗನ್ನು "ಸರಿ" ಮಾಡಿದಾಗ. ಎರಡು, ರೀಡಿಂಗ್ ಪ್ರತಿ ಸಲವೂ ಮೇಲಕ್ಕೇ ಹೋಗಿದೆ, ಅಂದರೆ ಅಡ್ವಾನ್ಸ್ ಕಡೆಗೆ, ಕಿಡಿ ಬೇಗ ಬರುವ ಕಡೆಗೆ. ಸವೆತದಿಂದ ಸಾಮಾನ್ಯವಾಗಿ ಹಾಗೆ ಆಗುವುದಿಲ್ಲ. ಪಾಯಿಂಟ್ಸ್ ಅಂದರೆ ತೆರೆದಾಗಲೆಲ್ಲ ಕಿಡಿ ಹೊರಡಿಸುವ ಚಿಕ್ಕ ಸ್ವಿಚ್. ಅದರ ಫೈಬರ್ ತುಂಡು ಸವೆದರೆ ಗ್ಯಾಪ್ ಕಡಿಮೆಯಾಗಿ ಪಾಯಿಂಟ್ಸ್ ತಡವಾಗಿ ತೆರೆಯುತ್ತದೆ. ಟೈಮಿಂಗ್ ಚೈನ್ ಸಡಿಲವಾದರೆ ಡಿಸ್ಟ್ರಿಬ್ಯೂಟರನ್ನು ತಿರುಗಿಸುವ ಕ್ಯಾಮ್ ಶಾಫ್ಟ್ ಹಿಂದೆ ಬೀಳುತ್ತದೆ. ಎರಡರಲ್ಲೂ ಟೈಮಿಂಗ್ ರಿಟಾರ್ಡ್ ಆಗುತ್ತದೆ, ಅಂದರೆ ಕಿಡಿ ತಡವಾಗುತ್ತದೆ. ಡಿಸ್ಟ್ರಿಬ್ಯೂಟರಿನ ಬೋಲ್ಟ್ ಬಿಗಿಯಾಗೇ ಇದ್ದು, ರೀಡಿಂಗ್ ತಾನಾಗೇ ಅಡ್ವಾನ್ಸ್ ಕಡೆ ಏರುತ್ತಿದ್ದರೆ ಮೊದಲ ಅನುಮಾನ ಗೀಟಿನ ಮೇಲೇ ಇರಲಿ. ಹಾಗಂತ ರೀಡಿಂಗ್ ಇಳಿಯುತ್ತಿದ್ದರೆ ಗೀಟು ಸರಿಯಿದೆ ಅಂತ ಅರ್ಥವಲ್ಲ. ಬಳೆ ಎರಡೂ ಕಡೆ ಜಾರಬಲ್ಲದು.

ಈಗ ಆ ಲೆಕ್ಕ ಕೂಡಿಸಿ. 11ರಿಂದ 8ಕ್ಕೆ 3 ಡಿಗ್ರಿ, 12ರಿಂದ 8ಕ್ಕೆ ಎರಡು ಸಲ 4 ಡಿಗ್ರಿ, ಕೊನೆಗೆ ಮತ್ತೆ 3. ಒಟ್ಟು 14 ಡಿಗ್ರಿ ಹಿಂದಕ್ಕೆ ತಂದಿದ್ದಾರೆ. 8 ಡಿಗ್ರಿ ಮುಂಚೆ ಬರಬೇಕಾದ ಕಿಡಿ, ಪಿಸ್ಟನ್ ತುದಿ ದಾಟಿ 6 ಡಿಗ್ರಿ ಇಳಿದ ಮೇಲೆ ಬರುತ್ತಿತ್ತು. ತಡವಾಗಿ ಹೊತ್ತಿದ ಗ್ಯಾಸ್ ಪಿಸ್ಟನ್ನನ್ನು ತಳ್ಳುವ ಬದಲು ತನ್ನ ಶಾಖವನ್ನು ಎಕ್ಸಾಸ್ಟ್‌ಗೂ ರೇಡಿಯೇಟರಿಗೂ ಕೊಡುತ್ತದೆ. ಕಾರು ಬಿಸಿಯಾಗದೆ ಇನ್ನೇನಾಗುತ್ತದೆ?

ನಡುವೆ ಒಬ್ಬ ಮೆಕ್ಯಾನಿಕ್ ಲೈಟ್ ಪಕ್ಕಕ್ಕಿಟ್ಟು ಕಿವಿಯಿಂದಲೇ ಸೆಟ್ ಮಾಡಿದ್ದರಂತೆ. ಕಾರು ಚೆನ್ನಾಗಿ ಓಡಿತ್ತು. ಆಮೇಲೆ ಇನ್ನೊಬ್ಬರು ಲೈಟ್ ಹಾಕಿ, ತಪ್ಪಿದೆ ಅಂತ ಮತ್ತೆ 8ಕ್ಕೆ ತಂದರು. ಕೊಟ್ಟಷ್ಟನ್ನೇ ವಾಪಸ್ ತೆಗೆದದ್ದರಿಂದ ಮೇಲಿನ ಲೆಕ್ಕದಲ್ಲಿ ಇದನ್ನು ಸೇರಿಸಿಲ್ಲ. ಕಿವಿಯವರನ್ನು ನಾನು ಹಗುರವಾಗಿ ನೋಡುವುದಿಲ್ಲ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿಯಲ್ಲಿ ಸ್ಟೀರಿಂಗಿನ ಎಡಗಡೆ ಕಿಡಿಗೆಂದೇ ಒಂದು ಲಿವರ್ ಇತ್ತು. ಓಡಿಸುವವರೇ ಎಂಜಿನ್ ಸದ್ದು ಕೇಳಿಕೊಂಡು ಅಡ್ವಾನ್ಸ್ ಕೊಡುತ್ತಿದ್ದರು. ಆದರೆ ಕಿವಿಗೆ ಮಿತಿ ಇದೆ. ಐಡ್ಲಿಂಗ್‌ನಲ್ಲಿ ಇಂಪಾಗಿ ಕೇಳುವ ಟೈಮಿಂಗ್, ಏರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಜಾಸ್ತಿ ಅಡ್ವಾನ್ಸ್ ಆಗಿ ಎಂಜಿನ್ ಟಕಟಕ ಅಂತ ನಾಕ್ ಮಾಡಬಹುದು. ಸುಮ್ನೆ ಬಿಟ್ಟರೆ ಆ ನಾಕಿಂಗ್ ಪಿಸ್ಟನ್ನನ್ನು ಹಾಳುಮಾಡುತ್ತದೆ.

ಹಾಗಾದರೆ ನಿಜವಾದ ಸೊನ್ನೆ ಎಲ್ಲಿದೆ ಅಂತ ತಿಳಿಯುವುದು ಹೇಗೆ? ಬ್ಯಾಟರಿ ವೈರ್ ಬಿಚ್ಚಿ. ಎಲ್ಲ ಪ್ಲಗ್ ತೆಗೆಯಿರಿ, ಎಂಜಿನ್ ಕೈಯಲ್ಲಿ ಸಲೀಸಾಗಿ ತಿರುಗಲಿ. ಪಿಸ್ಟನ್ ತುದಿಯಲ್ಲಿಲ್ಲ ಅಂತ ನೋಡಿಕೊಂಡು ಒಂದನೇ ಪ್ಲಗ್ ತೂತಿಗೆ ಪಿಸ್ಟನ್ ಸ್ಟಾಪ್ ಹಾಕಿ. ಪ್ಲಗ್ಗಿನ ಹಾಗೆ ಥ್ರೆಡ್ ಇದ್ದು ಒಳಕ್ಕೆ ಚಾಚುವ ಒಂದು ಗೂಟ ಅದು. ಸ್ಪಾನರ್ ಹಾಕಿ ಕ್ರ್ಯಾಂಕನ್ನು ಮೆಲ್ಲಗೆ ತಿರುಗಿಸಿ. ಪಿಸ್ಟನ್ ಗೂಟಕ್ಕೆ ತಾಗಿ ನಿಲ್ಲುತ್ತದೆ. ಮುಳ್ಳಿನ ನೇರಕ್ಕೆ ಪುಲ್ಲಿಯ ಮೇಲೆ ಗುರುತು ಹಾಕಿ. ಈಗ ಎದುರು ದಿಕ್ಕಿಗೆ ತಿರುಗಿಸಿ, ಮತ್ತೆ ತಾಗಿದಲ್ಲಿ ಇನ್ನೊಂದು ಗುರುತು. ಎರಡರ ಸರಿ ಮಧ್ಯವೇ ನಿಜವಾದ ಟಿಡಿಸಿ. ಪುಲ್ಲಿಯ ಗೀಟು ಅಲ್ಲೇ ಇದ್ದರೆ ಗೀಟು ಸರಿ. ಇಲ್ಲದಿದ್ದರೆ ನಿಮ್ಮ ತೊಂದರೆ ಸಿಕ್ಕಿತು.

ಸ್ಟಾರ್ಟರ್ ಹೊಡೆದು ಇದನ್ನು ಮಾಡಬೇಡಿ, ಪಿಸ್ಟನ್ ತೂತಾಗಬಹುದು. ಕೆಲಸ ಮುಗಿದ ಮೇಲೆ ಗೂಟ ತೆಗೆಯಲು ಮರೆಯಬೇಡಿ. ಟೈಮಿಂಗ್ ಬೆಲ್ಟ್ ಇರುವ ಕೆಲವು ಎಂಜಿನ್‌ಗಳನ್ನು ಹಿಂದಕ್ಕೆ ತಿರುಗಿಸಿದರೆ ಬೆಲ್ಟ್ ಹಲ್ಲು ಜಾರುವ ಅಪಾಯ ಇದೆ. ನಿಮ್ಮ ಕಾರಿನ ಸರ್ವಿಸ್ ಪುಸ್ತಕ ಬೇಡ ಅಂದರೆ ಬೇಡ, ತಿಳಿದವರ ಕೈಗೆ ಕೊಡಿ.

"ಇಷ್ಟೆಲ್ಲ ಯಾಕೆ, ತೂತಿನಲ್ಲಿ ಸ್ಕ್ರೂಡ್ರೈವರ್ ಇಟ್ಟು ಅದು ಮೇಲಕ್ಕೆ ಬಂದು ನಿಂತಾಗ ಟಿಡಿಸಿ ಅಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಅಲ್ಲ. ಪಿಸ್ಟನ್ ತುದಿಯ ಹತ್ತಿರ ಬಂದಾಗ ಕ್ರ್ಯಾಂಕ್ ತಿರುಗುತ್ತಲೇ ಇರುತ್ತದೆ, ಪಿಸ್ಟನ್ ಮಾತ್ರ ನಿಂತ ಹಾಗೇ ಇರುತ್ತದೆ. 80 ಮಿಲಿಮೀಟರ್ ಸ್ಟ್ರೋಕ್ ಇರುವ ಎಂಜಿನ್ನಿನಲ್ಲಿ ತುದಿಯಿಂದ 5 ಡಿಗ್ರಿ ದಾಟಿದರೂ ಪಿಸ್ಟನ್ ಇಳಿಯುವುದು ಸುಮಾರು 0.2 ಮಿಲಿಮೀಟರ್. ಕೈಯಲ್ಲಿ ಹಿಡಿದ ಸ್ಕ್ರೂಡ್ರೈವರಿಗೆ ಅದು ಗೊತ್ತಾಗುವುದೇ ಇಲ್ಲ. ಆ ಕಡೆ 5, ಈ ಕಡೆ 5, ಒಟ್ಟು 10 ಡಿಗ್ರಿಯ ಅನುಮಾನ. ನಾವು ಹುಡುಕುತ್ತಿರುವುದೇ ಅಷ್ಟು ವ್ಯತ್ಯಾಸವನ್ನು. ಪಿಸ್ಟನ್ ಸ್ಟಾಪ್ ಕೆಳಗಡೆಯೇ ತಾಗುತ್ತದೆ. ಅಲ್ಲಿ ಕ್ರ್ಯಾಂಕ್ ಒಂದು ಡಿಗ್ರಿ ಅಲ್ಲಾಡಿದರೂ ಪಿಸ್ಟನ್ ಚೆನ್ನಾಗಿ ಅಲ್ಲಾಡುತ್ತದೆ, ಅದಕ್ಕೇ ಗುರುತು ನಿಖರವಾಗಿ ಬರುತ್ತದೆ. ಮಧ್ಯ ಹುಡುಕುವ ಗುಟ್ಟು ಇಷ್ಟೇ. ಇದಕ್ಕೆ ಚೈನ್ ಸಡಿಲವಿದ್ದರೂ ಅಡ್ಡಿಯಿಲ್ಲ, ನಾವು ನೋಡುವುದು ಕ್ರ್ಯಾಂಕ್ ಮತ್ತು ಪಿಸ್ಟನ್ ಮಾತ್ರ.

ಸೊನ್ನೆ ಸರಿಯಿದ್ದರೆ ಮಿಕ್ಕ ಕೆಲಸ ಕಷ್ಟವಲ್ಲ. ಮೊದಲು ಪಾಯಿಂಟ್ಸ್ ಗ್ಯಾಪ್, ಆಮೇಲೆ ಟೈಮಿಂಗ್. ತಿರುಗುಮುರುಗು ಮಾಡಿದರೆ ಗ್ಯಾಪ್ ಮುಟ್ಟಿದ ಕೂಡಲೇ ಟೈಮಿಂಗ್ ಹೋಯಿತು. ಸೆಟ್ ಮಾಡುವಾಗ ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಪೈಪ್ ಬಿಚ್ಚಿ ಮುಚ್ಚಬೇಕೋ ಬೇಡವೋ ಪುಸ್ತಕ ನೋಡಿ, ಬಹಳಷ್ಟರಲ್ಲಿ ಮುಚ್ಚಬೇಕು. ಗೀಟು ಒಂದೇ ಕಡೆ ನಿಲ್ಲದೆ ನಡುಗುತ್ತಿದ್ದರೆ ಡಿಸ್ಟ್ರಿಬ್ಯೂಟರ್ ಶಾಫ್ಟಿನ ಬುಷ್ ಅಥವಾ ಚೈನ್ ನೋಡಿ. ಚೈನಿಗೆ ಸುಲಭದ ಪರೀಕ್ಷೆ ಇದೆ. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಕ್ರ್ಯಾಂಕನ್ನು ಕೈಯಲ್ಲಿ ಆ ಕಡೆ ಈ ಕಡೆ ಅಲ್ಲಾಡಿಸಿ. ಒಳಗೆ ತಿರುಗುವ ರೋಟರ್ ಅಲ್ಲಾಡುವ ಮುಂಚೆ ಕ್ರ್ಯಾಂಕ್ ಎಷ್ಟು ಡಿಗ್ರಿ ಸುಮ್ಮನೆ ತಿರುಗಿತು ಅಂತ ನೋಡಿ. ಹತ್ತು ದಾಟಿದರೆ ನಾನು ಚೈನ್ ಬಿಚ್ಚಿ ನೋಡಲು ಹೇಳುತ್ತೇನೆ. ಐಡ್ಲಿಂಗ್‌ನಲ್ಲಿ ಸರಿಯಿದ್ದು ರೇಸ್ ಮಾಡಿದಾಗ ಅಡ್ವಾನ್ಸ್ ಏರದಿದ್ದರೆ ಡಿಸ್ಟ್ರಿಬ್ಯೂಟರ್ ಒಳಗಿನ ತೂಕದ ತುಂಡುಗಳು ಜಾಮ್ ಆಗಿರಬಹುದು.

ಕಂಪ್ಯೂಟರ್ ಇರುವ ಕಾರಿನವರು ಇದು ನಮಗಲ್ಲ ಅಂದುಕೊಳ್ಳಬೇಡಿ. ಸ್ಕ್ಯಾನರ್ ಪಿ0016 ಅನ್ನುವ ದೋಷದ ಕೋಡ್ ತೋರಿಸಿದರೆ ಜನ ನೇರವಾಗಿ ಸೆನ್ಸರ್ ಬದಲಾಯಿಸುತ್ತಾರೆ. ಕ್ರ್ಯಾಂಕಿನ ಮಾತೂ ಕ್ಯಾಮಿನ ಮಾತೂ ತಾಳೆಯಾಗುತ್ತಿಲ್ಲ ಅಂತ ಮಾತ್ರ ಆ ಕೋಡ್ ಹೇಳುತ್ತದೆ. ತಪ್ಪು ಯಾರದ್ದು ಅಂತ ಹೇಳುವುದಿಲ್ಲ. ಬೆಲ್ಟ್ ಹಲ್ಲು ಜಾರಿರಬಹುದು. ಕ್ರ್ಯಾಂಕ್ ಗಿಯರಿಗೆ 20 ಹಲ್ಲಿದ್ದರೆ ಒಂದು ಹಲ್ಲಿಗೆ 18 ಡಿಗ್ರಿ. ಕೆಲವು ಎಂಜಿನ್‌ಗಳಲ್ಲಿ ಸೆನ್ಸರ್ ಓದುವ ಹಲ್ಲಿನ ಚಕ್ರ ಇದೇ ಪುಲ್ಲಿಯ ಹೊರಬಳೆಯಲ್ಲೇ ಇರುತ್ತದೆ. ಅಲ್ಲಿ ಬಳೆ ಜಾರಿದರೆ ಕಂಪ್ಯೂಟರೇ ಮೋಸ ಹೋಗುತ್ತದೆ, ಕಿಡಿಯೂ ನಿಜವಾಗಿ ಜಾಗ ತಪ್ಪುತ್ತದೆ.

ಪುಲ್ಲಿ ಸರಿಯಿರುವವರಿಗೂ ಒಂದು ಕೆಲಸ ಹೇಳುತ್ತೇನೆ. ಹಬ್, ರಬ್ಬರ್, ಬಳೆ ಮೂರನ್ನೂ ದಾಟುವ ಹಾಗೆ ಒಂದು ಸಪೂರ ಪೇಂಟ್ ಗೆರೆ ಎಳೆಯಿರಿ. ಆ ಗೆರೆ ಎಂದಾದರೂ ಮುರಿದಂತೆ ಕಂಡರೆ ಬಳೆ ಜಾರಿದೆ ಅಂತ ಲೆಕ್ಕ.

ಆ ಹಿರಿಯರ ಕಾರಿಗೆ ಪಿಸ್ಟನ್ ಸ್ಟಾಪ್ ಹಾಕಿದೆ. ಗೀಟು ನಿಜವಾದ ಸೊನ್ನೆಯಿಂದ 14 ಡಿಗ್ರಿ ದೂರ ಇತ್ತು. ನೋಟ್‌ಬುಕ್ಕಿನ ಲೆಕ್ಕದ ಪಕ್ಕ ಅದನ್ನು ಬರೆದು ತೋರಿಸಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಹೊಸ ಪುಲ್ಲಿ ಹಾಕಿ, ಅದರ ಸೊನ್ನೆಯನ್ನೂ ಹಾಗೆಯೇ ಪರೀಕ್ಷಿಸಿದೆ. ಮೂರು ಡಿಸ್ಟ್ರಿಬ್ಯೂಟರನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಶಾಫ್ಟ್ ಆಟ ಎಲ್ಲಕ್ಕಿಂತ ಕಡಿಮೆ ಇದ್ದದ್ದು ಕಾರಿನ ಜೊತೆ ಬಂದಿದ್ದ ಹಳೆಯದರಲ್ಲಿ. ಅದನ್ನೇ ಹಾಕಿ 8ಕ್ಕೆ ಸೆಟ್ ಮಾಡಿದೆವು.

ಆರು ತಿಂಗಳ ಮೇಲೆ ಬಂದರು. ಲೈಟ್ 7 ತೋರಿಸಿತು. ಅವರ ಮುಖ ಸಣ್ಣದಾಯಿತು. ಪಾಯಿಂಟ್ಸ್ ತೆಗೆದು ನೋಡಿದೆ, ಫೈಬರ್ ಒಂಚೂರು ಸವೆದಿತ್ತು. ಗ್ಯಾಪ್ ಸರಿ ಮಾಡಿದೆ. ಡಿಸ್ಟ್ರಿಬ್ಯೂಟರ್ ಮುಟ್ಟಲೇ ಇಲ್ಲ, ಗೀಟು 8ಕ್ಕೆ ಬಂದು ನಿಂತಿತು. ಅವರು ಜೇಬಿನಿಂದ ನೋಟ್‌ಬುಕ್ ತೆಗೆದು ಬರೆದುಕೊಂಡರು.