ಹಳೇ ಜೀಪಿನ ಬ್ರೇಕ್ ಪೆಡಲ್: ಆ ಅರ್ಧ ಇಂಚು ಪ್ಲೇ (ಸಡಿಲ ಆಟ) ಬೇಕೇ ಬೇಕು

ಸಂಡೂರು ಕಡೆಯಿಂದ ಬಳ್ಳಾರಿಯ ಗ್ಯಾರೇಜುಗಳಿಗೆ ಈಗಲೂ ಹಳೇ ಮಹೀಂದ್ರಾ ಜೀಪುಗಳು ಬರುತ್ತವೆ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರ್ ಇವುಗಳಲ್ಲಿ ಇರುವುದು ಡ್ರೈವರ್ ಕಾಲ ಕೆಳಗೆ, ಫ್ಲೋರಿನ ಅಡಿಯಲ್ಲಿ. ನಾಲ್ಕೂ ಚಕ್ರಕ್ಕೆ ಆಯಿಲ್ ಹೋಗುವುದು ಒಂದೇ ಲೈನಿನಲ್ಲಿ. ಎಲ್ಲೇ ಒಡೆದು ಸೋರಿದರೂ ಕಾಲಿನ ಬ್ರೇಕ್ ಪೂರ್ತಿ ಹೋಗುತ್ತದೆ. ಘಟ್ಟ ಇಳಿಯುವ ಗಾಡಿಗೆ ಇದು ಜೀವದ ಪ್ರಶ್ನೆ.

ಬ್ರೇಕ್ ಸರಿಯಿಲ್ಲ ಅಂದ ತಕ್ಷಣ ಸಿಲಿಂಡರ್ ಬಿಚ್ಚಬೇಡಿ. ಮೊದಲು ಪೆಡಲ್ ಒತ್ತಿ ನೋಡಿ. ಮೆತ್ತಗೆ ಸ್ಪಂಜಿನಂತೆ ಇದ್ದರೆ ಲೈನಿನಲ್ಲಿ ಏರ್ ಇದೆ. ಒಂದೇ ಸಲಕ್ಕೆ ತಳಕ್ಕೆ ಹೋಗಿ, ಎರಡು ಸಲ ಪಂಪ್ ಮಾಡಿದರೆ ಮೇಲೆ ನಿಂತು ಗಟ್ಟಿಯಾದರೆ ಚಕ್ರದ ಡ್ರಮ್ಮಿನೊಳಗೆ, ಅದಕ್ಕೆ ಒತ್ತಿ ಚಕ್ರ ನಿಲ್ಲಿಸುವ ಶೂ ಸಡಿಲವಾಗಿದೆ. ಶೂ ಅಡ್ಜಸ್ಟ್ ಮಾಡಿದರೆ ಸಾಕು. ಒತ್ತಿ ಹಿಡಿದಾಗ ನಿಧಾನಕ್ಕೆ ಕೆಳಗಿಳಿಯುತ್ತಾ ಹೋಗಿ, ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ ಮಾತ್ರ ಸಿಲಿಂಡರ್ ಒಳಗಿನ ರಬ್ಬರ್ ಕಪ್ (ಆಯಿಲ್ ತಡೆಯುವ ಸೀಲ್) ಹೋಗಿದೆ ಅನ್ನಬಹುದು. ಬೋರಿನಲ್ಲಿ, ಅಂದರೆ ಸಿಲಿಂಡರಿನ ಒಳಗೋಡೆಯಲ್ಲಿ, ತುಕ್ಕಿನ ಗುಂಡಿಗಳಿದ್ದರೆ ಬರೀ ಕಿಟ್ (ಹೊಸ ರಬ್ಬರ್ ಸೆಟ್) ಹಾಕಿ ಉಪಯೋಗವಿಲ್ಲ, ಪೂರ್ತಿ ಸಿಲಿಂಡರ್ ಬದಲಿಸಿ.

ಗಣಿಯ ಕೆಂಪು ಧೂಳು ಸಿಲಿಂಡರ್ ಮೇಲೆ ಪದರ ಕಟ್ಟಿರುತ್ತದೆ. ಮುಚ್ಚಳ ತೆಗೆಯುವ ಮೊದಲು ಬ್ರಷ್ ಹಾಕಿ ಚೆನ್ನಾಗಿ ಒರೆಸಿ. ಮುಚ್ಚಳದ ಗಾಳಿ ರಂಧ್ರವೂ ತೆರೆದಿರಬೇಕು. ಸಿಲಿಂಡರಿಗೆ ಪೈಪ್ ಕೂಡುವ ಕಡೆ ತಾಮ್ರದ ವಾಷರ್ ಹೊಸದನ್ನೇ ಹಾಕಿ.

ಹೊಸ ಸಿಲಿಂಡರ್ ಕೂರಿಸಿದ ಮೇಲೆ ಎಷ್ಟೋ ಜನ ಕೇಳುವುದು ಒಂದೇ: "ಪೆಡಲ್ ಸಡಿಲ ಐತಲ್ಲಣ್ಣ, ಟೈಟ್ ಮಾಡು." ಮಾಡಬಾರದು. ಪೆಡಲಿನ ಪುಶ್ ರಾಡ್ (ತಳ್ಳುವ ಕಡ್ಡಿ) ಸಿಲಿಂಡರಿನ ಪಿಸ್ಟನ್ನಿಗೆ ತಾಗುವ ಮೊದಲು ಪೆಡಲ್ ಸುಮಾರು ಅರ್ಧ ಇಂಚು ಸುಮ್ನೆ ಆಡಬೇಕು. ಸಿಲಿಂಡರಿನೊಳಗೆ ಒಂದು ಸಣ್ಣ ತೂತು ಇದೆ. ಕಾಲು ತೆಗೆದಾಗ ಪಿಸ್ಟನ್ ಪೂರ್ತಿ ಹಿಂದೆ ಬಂದರೆ ಮಾತ್ರ ಆ ತೂತು ತೆರೆಯುತ್ತದೆ. ಬಿಸಿಗೆ ಹಿಗ್ಗಿದ ಆಯಿಲ್ ಅದರಿಂದಲೇ ಬ್ರೇಕ್ ಆಯಿಲ್ ಟ್ಯಾಂಕಿಗೆ ವಾಪಸ್ ಹೋಗುತ್ತದೆ. ರಾಡ್ ಉದ್ದ ಮಾಡಿ ಪ್ಲೇ ತೆಗೆದರೆ ತೂತು ಮುಚ್ಚೇ ಇರುತ್ತದೆ. ಆಯಿಲ್ಲಿಗೆ ಹೋಗಲು ದಾರಿಯಿಲ್ಲ, ಶೂ ಡ್ರಮ್ಮಿಗೆ ಒತ್ತಿಕೊಳ್ಳುತ್ತದೆ, ಶಾಖ ಇನ್ನೂ ಏರುತ್ತದೆ, ಕೊನೆಗೆ ಚಕ್ರವೇ ಹಿಡಿದುಬಿಡುತ್ತದೆ. ನಮ್ಮ ಏಪ್ರಿಲ್, ಮೇ ಬಿಸಿಲಲ್ಲಂತೂ ಇದು ಬೇಗ ಆಗುತ್ತದೆ.

ಏರ್ ತೆಗೆಯುವ ಮೊದಲೇ ಶೂ ಅಡ್ಜಸ್ಟ್ ಮುಗಿಸಿ. ಸಿಲಿಂಡರಿಗೆ ತುಂಬಾ ದೂರದ ಚಕ್ರದಿಂದ ಶುರು ಮಾಡಿ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಬಳಿಯ ನಿಪ್ಪಲ್ (ಏರ್ ಬಿಡುವ ತಿರುಪು) ಸಡಿಲಿಸಿ, ಬಿಗಿದು, ಆಮೇಲೆ "ಬಿಡು" ಅನ್ನಬೇಕು. ಈ ಕ್ರಮ ತಪ್ಪಿದರೆ ಏರ್ ವಾಪಸ್ ಒಳಗೆ ಹೋಗುತ್ತದೆ. ಟ್ಯಾಂಕ್ ಖಾಲಿಯಾಗಲು ಬಿಡಬೇಡಿ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ: ಹೊಸದು ಕುದಿಯುವುದು 205 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ, ತೇವ ಹಿಡಿದದ್ದು 140ಕ್ಕೇ ಕುದಿಯಬಹುದು. ಹಾಗಾಗಿ ಸೀಲ್ ಒಡೆದು ತಿಂಗಳುಗಟ್ಟಲೆ ಇಟ್ಟ ಡಬ್ಬಿ ಬೇಡ. ಎಂಜಿನ್ ಆಯಿಲ್ ಒಂದು ಹನಿಯೂ ಬೇಡ, ರಬ್ಬರ್ ಊದಿಕೊಳ್ಳುತ್ತದೆ.

ಕೆಲಸ ಮುಗಿದ ಮೇಲೆ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ ಬಂದು, ಜಾಕ್ ಹಾಕಿ ಚಕ್ರ ತಿರುಗಿಸಿ ನೋಡಿ. ಹಿಡಿದಿದ್ದರೆ ಸಿಲಿಂಡರ್ ಹತ್ತಿರದ ಪೈಪ್ ನಟ್ ಸ್ವಲ್ಪ ಸಡಿಲಿಸಿ. ಆಗ ಚಕ್ರ ಬಿಟ್ಟರೆ ತೂತು ಮುಚ್ಚಿದೆ, ಮೊದಲು ಪುಶ್ ರಾಡ್ ನೋಡಿ. ಅಲ್ಲಿ ಬಿಡದೆ ಚಕ್ರದ ನಿಪ್ಪಲ್ ತೆಗೆದಾಗ ಬಿಟ್ಟರೆ ರಬ್ಬರ್ ಹೋಸ್ ಒಳಗೆ ಊದಿ ಕಟ್ಟಿಕೊಂಡಿದೆ, ಅದನ್ನು ಬದಲಿಸಿ. ನಟ್ ಬಿಗಿದ ಮೇಲೆ ಮತ್ತೆ ಏರ್ ತೆಗೆಯಲು ಮರೆಯಬೇಡಿ.