ಕರಗದ ಬಣ್ಣಗಳು: ವರ್ಣದ್ರವ್ಯಗಳ ಅಧ್ಯಯನ ಟಿಪ್ಪಣಿ

ಎರಡು ಗಾಜಿನ ಲೋಟಗಳಲ್ಲಿ ನೀರು ತೆಗೆದುಕೊಳ್ಳಿ. ಒಂದಕ್ಕೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ರೆಡ್ ಆಕ್ಸೈಡ್ ಪುಡಿಯನ್ನು ಚಿಟಿಕೆಯಷ್ಟು ಹಾಕಿ. ಇನ್ನೊಂದಕ್ಕೆ ರಂಗಪಂಚಮಿಯಲ್ಲಿ ಉಳಿದ ಗುಲಾಬಿ ಬಣ್ಣವನ್ನು ಅಷ್ಟೇ ಹಾಕಿ. ಎರಡನ್ನೂ ಕಲಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೊದಲ ಲೋಟದ ತಳದಲ್ಲಿ ಕೆಂಪು ಕೆಸರು ಕುಳಿತು, ಮೇಲಿನ ನೀರು ತಿಳಿಯಾಗಿರುತ್ತದೆ. ಎರಡನೆಯದು ಮೇಲಿನಿಂದ ತಳದವರೆಗೂ ಗುಲಾಬಿಯಾಗಿಯೇ ಇರುತ್ತದೆ. ತಳ ಸೇರಿದ್ದು ಪಿಗ್ಮೆಂಟ್, ಅಂದರೆ ವರ್ಣದ್ರವ್ಯ, ಕರಗಿದ್ದು ಡೈ. ಕನ್ನಡದಲ್ಲಿ ಎರಡಕ್ಕೂ ನಾವು ಬಣ್ಣ ಎಂದೇ ಹೇಳುವುದರಿಂದ ಈ ಅಧ್ಯಾಯದ ಅರ್ಧ ಗೊಂದಲ ಅಲ್ಲಿಯೇ ಹುಟ್ಟುತ್ತದೆ.

ಡೈ ನೂಲಿನೊಳಗೆ ಇಳಿದು ಕೂರುತ್ತದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜಕ್ಕಾಗಿ ಖಾದಿ ಬಟ್ಟೆಗೆ ಕೇಸರಿ ಮತ್ತು ಹಸಿರು ಬಣ್ಣ ಹಾಕುತ್ತಾರಲ್ಲ, ಅದು ಡೈಯ ಕೆಲಸ. ವರ್ಣದ್ರವ್ಯಕ್ಕೆ ಆ ಶಕ್ತಿ ಇಲ್ಲ. ಅದು ಸಣ್ಣ ಸಣ್ಣ ಹರಳುಗಳಾಗಿಯೇ ಉಳಿಯುತ್ತದೆ, ಹಿಡಿದಿಡಲು ಎಣ್ಣೆಯೋ ರಾಳವೋ ಸಿಮೆಂಟೋ ಬೇಕು. ಆದರೆ ಕರಗದಿರುವುದೇ ಅದರ ಬಲವೂ ಹೌದು: ಮಳೆಗೆ ತೊಳೆದುಹೋಗುವುದಿಲ್ಲ, ಪಕ್ಕದ ಪದರಕ್ಕೆ ಸೋರುವುದಿಲ್ಲ.

ಈ ಅಧ್ಯಾಯವನ್ನು ಬಿಳಿ, ಕೆಂಪು, ಹಳದಿ ಎಂದು ಪಟ್ಟಿ ಮಾಡಿ ಉರು ಹೊಡೆಯಬೇಡಿ ಎಂಬುದು ನನ್ನ ವಿನಂತಿ. ಪ್ರತಿ ವರ್ಣದ್ರವ್ಯಕ್ಕೂ ಒಂದೇ ಪ್ರಶ್ನೆ ಹಾಕಿ: ಇದು ಏನನ್ನು ತಾಳಿಕೊಳ್ಳುತ್ತದೆ, ಯಾವುದಕ್ಕೆ ಸೋಲುತ್ತದೆ? ಬಿಸಿಲೇ, ಬೆಂಕಿಯೇ, ಆಮ್ಲವೇ, ಕ್ಷಾರವೇ? ಯಾವ ಉದ್ಯಮದಲ್ಲಿ ಯಾವುದು ಬಳಕೆಯಾಗುತ್ತದೆ ಎಂಬುದು ಆ ಉತ್ತರದಿಂದ ತಾನಾಗಿಯೇ ಹೊರಬರುತ್ತದೆ.

ಬಿಳಿಯಿಂದ ಶುರು ಮಾಡೋಣ. ಗೋಡೆಗೆ ಸುಣ್ಣ ಹಚ್ಚುವುದನ್ನು ನೋಡಿದ್ದೀರಲ್ಲ. ಹಸಿಯಿದ್ದಾಗ ಹಳೆಯ ಗೋಡೆಯ ಕಲೆಗಳೆಲ್ಲ ಕಾಣುತ್ತವೆ, ಒಣಗಿದ ಮೇಲೆ ಬೆಳ್ಳಗೆ ಮುಚ್ಚಿಕೊಳ್ಳುತ್ತದೆ. ಕಾರಣ ವಕ್ರೀಭವನ ಸೂಚ್ಯಂಕ, ಅಂದರೆ ಒಂದು ವಸ್ತು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ. ಸುಣ್ಣದ್ದು ಸುಮಾರು 1.6, ನೀರಿನದು 1.33; ವ್ಯತ್ಯಾಸ ಕಡಿಮೆಯಾದ್ದರಿಂದ ಬೆಳಕು ಹೆಚ್ಚು ಚದುರದೆ ಒಳಗೆ ಹೋಗುತ್ತದೆ. ನೀರು ಆರಿ ಆ ಜಾಗಕ್ಕೆ ಗಾಳಿ ಬಂದಾಗ ಸೂಚ್ಯಂಕ 1ಕ್ಕೆ ಇಳಿಯುತ್ತದೆ, ವ್ಯತ್ಯಾಸ ಹಿಗ್ಗುತ್ತದೆ, ಬೆಳಕು ಚದುರಿ ಬಿಳಿ ಕಾಣುತ್ತದೆ. ಈಗ ಪೇಂಟ್ ತಯಾರಕರ ಕಷ್ಟ ಅರ್ಥವಾಗುತ್ತದೆ. ಅವರ ರಾಳದ ಸೂಚ್ಯಂಕ ಸುಮಾರು 1.5, ಅದು ನೀರಿನ ಹಾಗೆ ಆರಿ ಗಾಳಿಗೆ ಜಾಗ ಬಿಟ್ಟುಕೊಡುವುದಿಲ್ಲ. ಸುಣ್ಣದ ಪುಡಿಯನ್ನು ಅದರಲ್ಲಿ ಕಲಸಿದರೆ ಗೋಡೆ ಮುಚ್ಚುವುದಿಲ್ಲ. ಆದ್ದರಿಂದಲೇ ಸೂಚ್ಯಂಕ ಸುಮಾರು 2.7 ಇರುವ ರೂಟೈಲ್ ರೂಪದ ಟೈಟಾನಿಯಂ ಡೈಆಕ್ಸೈಡ್ ಬೇಕಾಯಿತು. ಕೇರಳದ ಕರಾವಳಿಯ ಕಪ್ಪು ಮರಳಿನಲ್ಲಿರುವ ಇಲ್ಮನೈಟ್ ಅದರ ಅದಿರುಗಳಲ್ಲೊಂದು. ಕಣದ ಗಾತ್ರ 0.2ರಿಂದ 0.3 ಮೈಕ್ರೋಮೀಟರ್, ಅಂದರೆ ಬೆಳಕಿನ ತರಂಗಾಂತರದ ಅರ್ಧದಷ್ಟಿದ್ದಾಗ ಅದು ಅತಿ ಹೆಚ್ಚು ಚದುರಿಸುತ್ತದೆ. ಪೇಂಟ್, ಪ್ಲಾಸ್ಟಿಕ್, ಕಾಗದ, ಹಲ್ಲುಜ್ಜುವ ಪೇಸ್ಟ್ ಎಲ್ಲ ಕಡೆ ಇದಿದೆ. ಆಹಾರದಲ್ಲಿ ಇದರ ಬಳಕೆಯನ್ನು ಯುರೋಪಿಯನ್ ಒಕ್ಕೂಟ 2022ರಲ್ಲಿ ನಿಷೇಧಿಸಿತು.

ಕಬ್ಬಿಣದ ಆಕ್ಸೈಡುಗಳು ನನಗೆ ಎಲ್ಲಕ್ಕಿಂತ ಪ್ರಿಯ. ಧಾರವಾಡದ ಹಳೆಯ ಮನೆಗಳ ನುಣ್ಣನೆಯ ಕೆಂಪು ನೆಲ, ಗೇಟಿನ ಪ್ರೈಮರ್, ಪಾದಚಾರಿ ಮಾರ್ಗದ ಬಣ್ಣದ ಬ್ಲಾಕುಗಳು, ನಮ್ಮ ಕೆಮ್ಮಣ್ಣು, ಕಾವಿ ಎಲ್ಲವೂ ಒಂದೇ ಮನೆತನ. ಕೆಂಪು ಎಂದರೆ ಹೆಮಟೈಟ್, ಹಳದಿ ಎಂದರೆ ಗೋಥೈಟ್, ಕಪ್ಪು ಎಂದರೆ ಮ್ಯಾಗ್ನೆಟೈಟ್. ಕಂದು ಇವುಗಳ ಮಿಶ್ರಣ. ಹಳದಿ ಆಕ್ಸೈಡನ್ನು, ಅಡುಗೆಗೆ ಮತ್ತೆಂದೂ ಬಳಸದ ಹಳೆಯ ಕಬ್ಬಿಣದ ಹೆಂಚಿನ ಮೇಲೆ ತೆಳ್ಳಗೆ ಹರಡಿ, ಕಿಟಕಿ ತೆರೆದಿಟ್ಟು ಕಾಯಿಸಿದ್ದೆ. ಮೊದಲು ಉರಿ ತಾಗುವ ನಡುಭಾಗ ಕೆಂಪಾಯಿತು, ಆಮೇಲೆ ಆ ಕೆಂಪು ಅಂಚಿನ ಕಡೆಗೆ ನಿಧಾನವಾಗಿ ಹರಡಿತು. ತಣ್ಣಗಾದ ಮೇಲೂ ಹಳದಿ ಮರಳಿ ಬರಲಿಲ್ಲ. ಗೋಥೈಟಿನ ಹರಳಿನಲ್ಲಿ ಹೈಡ್ರಾಕ್ಸಿಲ್ ರೂಪದಲ್ಲಿದ್ದದ್ದು ನೀರಾಗಿ ಹೊರಟುಹೋಗಿ ಹೆಮಟೈಟ್ ಉಳಿಯಿತು. ಆ ಹೆಂಚನ್ನು ನೋಡಿದ ಮೇಲೆ ಪ್ಲಾಸ್ಟಿಕ್ ಉದ್ಯಮದ ನಿಯಮವನ್ನು ಕಂಠಪಾಠ ಮಾಡಬೇಕಾಗಲಿಲ್ಲ. ಕರಗಿದ ಪ್ಲಾಸ್ಟಿಕ್ ಸುಮಾರು 180 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಾಮಾನ್ಯ ಹಳದಿ ಆಕ್ಸೈಡನ್ನು ನಂಬುವಂತಿಲ್ಲ, ಕೆಂಪನ್ನು ಧೈರ್ಯವಾಗಿ ಹಾಕಬಹುದು. ಸಿಮೆಂಟಿನಲ್ಲಿ ಮಾತ್ರ ಎರಡೂ ಕ್ಷೇಮ. ಸಿಮೆಂಟಿನ ಕ್ಷಾರ ಪ್ರಷ್ಯನ್ ನೀಲಿಯನ್ನು ಒಡೆದುಹಾಕುತ್ತದೆ, ಕಬ್ಬಿಣದ ಆಕ್ಸೈಡನ್ನು ಮುಟ್ಟುವುದಿಲ್ಲ.

ಕ್ಷಾರ ತಾಳುವ ನೀಲಿ ಎಂದರೆ ಅಲ್ಟ್ರಾಮರೀನ್, ಬಟ್ಟೆಗೆ ಹಾಕುತ್ತಿದ್ದ ನೀಲಿ ಪುಡಿ. ಸುಣ್ಣದ ಬಕೆಟ್ಟಿಗೆ ಒಂದು ಚಿಟಿಕೆ ನೀಲಿ ಬೆರೆಸುವ ನಮ್ಮ ಹಿರಿಯರ ರೂಢಿ ರಸಾಯನಶಾಸ್ತ್ರಕ್ಕೆ ಸರಿಯಾಗಿಯೇ ಇದೆ: ಸುಣ್ಣದ ಕ್ಷಾರ ಅದನ್ನು ಕೆಡಿಸುವುದಿಲ್ಲ, ಆ ನೀಲಿ ಸುಣ್ಣದ ಹಳದಿ ಛಾಯೆಯನ್ನು ಅಡಗಿಸುತ್ತದೆ. ಒಂದು ಕಾಲಕ್ಕೆ ಇದು ಅಫ್ಘಾನಿಸ್ತಾನದ ಲಾಪಿಸ್ ಲಾಜುಲಿ ಕಲ್ಲಿನಿಂದ ಬರುತ್ತಿದ್ದ ದುಬಾರಿ ಬಣ್ಣ. 1820ರ ದಶಕದ ಕೊನೆಯಲ್ಲಿ ಫ್ರಾನ್ಸಿನಲ್ಲಿ ಗಿಮೆ ಎಂಬವರು ಕೃತಕವಾಗಿ ತಯಾರಿಸಿದರು. ಬಣ್ಣ ಬರುವುದು ಹರಳಿನ ಗೂಡಿನಲ್ಲಿ ಸಿಕ್ಕಿಬಿದ್ದ ಗಂಧಕದ ಅಯಾನುಗಳಿಂದ. ಪ್ರಯೋಗಾಲಯದಲ್ಲಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹನಿಸಿದರೆ ಗೂಡು ಒಡೆದು ನೀಲಿ ಮಾಯವಾಗುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅದು ವಿಷಾನಿಲವಾದ್ದರಿಂದ ಅನಿಲವನ್ನು ಹೊರಗೆಳೆಯುವ ಫ್ಯೂಮ್ ಹುಡ್ ಇಲ್ಲದೆ ಈ ಪ್ರಯೋಗ ಬೇಡ.

ಕಪ್ಪಿನ ವಿಷಯ ಚಿಕ್ಕದು. ದೀಪದ ಮೇಲೆ ತಟ್ಟೆ ಬೋರಲು ಹಾಕಿ ಹಿಡಿಯುವ ಕಾಡಿಗೆಯ ಉದ್ಯಮರೂಪವೇ ಕಾರ್ಬನ್ ಬ್ಲ್ಯಾಕ್. ಅದರ ಬಹುಪಾಲು ಹೋಗುವುದು ಟೈರುಗಳಿಗೆ, ಅಲ್ಲಿಯೂ ಮುಖ್ಯವಾಗಿ ರಬ್ಬರಿಗೆ ಗಟ್ಟಿತನ ಕೊಡಲು.

ಸೀಸದ ವರ್ಣದ್ರವ್ಯಗಳನ್ನು ಮಾತ್ರ ದಯವಿಟ್ಟು ಅಂಕಗಳಿಗಾಗಿ ಓದಬೇಡಿ. ಕ್ರೋಮ್ ಹಳದಿ ಎಂದರೆ ಸೀಸದ ಕ್ರೋಮೇಟ್, ರೆಡ್ ಲೆಡ್ ಎಂದರೆ ಸೀಸದ ಆಕ್ಸೈಡ್. ಎರಡೂ ಚೆನ್ನಾಗಿ ಮುಚ್ಚುತ್ತವೆ, ರೆಡ್ ಲೆಡ್ ತುಕ್ಕನ್ನೂ ತಡೆಯುತ್ತದೆ. ಆದರೆ ಸುಲಿದ ಪೇಂಟಿನ ಚಕ್ಕೆಯನ್ನು ಬಾಯಿಗೆ ಹಾಕಿಕೊಂಡ ಮಗುವಿನ ಮಿದುಳಿಗೆ ಸೀಸ ಮಾಡುವ ಹಾನಿ ಮತ್ತೆ ಸರಿಯಾಗುವುದಿಲ್ಲ. ಮನೆಬಳಕೆಯ ಪೇಂಟಿನಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದು ಎಂಬ 2016ರ ನಿಯಮ ಭಾರತದಲ್ಲಿ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಅದಕ್ಕೂ ಮೊದಲು ಬಳಿದ ಬಾಗಿಲುಗಳನ್ನು ಒಣ ಉಜ್ಜುಕಾಗದದಿಂದ ತಿಕ್ಕಬೇಡಿ. ಇದೇ ಸೀಸದ ಕ್ರೋಮೇಟನ್ನು ಅರಿಸಿನಕ್ಕೆ ಕಲಬೆರಕೆ ಮಾಡುವವರಿದ್ದಾರೆ.

ಇಲ್ಲಿಯವರೆಗೆ ಕಂಡವೆಲ್ಲ ಅಜೈವಿಕ. ಜೈವಿಕ, ಅಂದರೆ ಇಂಗಾಲದ ಸಂಯುಕ್ತಗಳಾದ (ಆರ್ಗ್ಯಾನಿಕ್) ವರ್ಣದ್ರವ್ಯಗಳನ್ನು ಓದಲು ಗದಗಕ್ಕಿಂತ ಒಳ್ಳೆಯ ಊರಿಲ್ಲ. ಮುದ್ರಣ ಕಾಶಿ ಎಂದು ಹೆಸರಾದ ಊರದು. ಯಾವ ಆಫ್‌ಸೆಟ್ ಯಂತ್ರದಲ್ಲಿಯೂ ಬಹುವರ್ಣದ ಚಿತ್ರಕ್ಕೆ ಬೇಕಾಗುವುದು ನಾಲ್ಕೇ ಶಾಯಿ: ಹಳದಿಗೆ ಸಾಮಾನ್ಯವಾಗಿ ಡೈಅರಿಲೈಡ್ ಹಳದಿ, ಮಜೆಂತಾಕ್ಕೆ ರುಬಿನ್, ಸಯಾನ್‌ಗೆ ತಾಮ್ರದ ಥ್ಯಾಲೊಸಯನಿನ್, ಕಪ್ಪಿಗೆ ಕಾರ್ಬನ್ ಬ್ಲ್ಯಾಕ್. ಬಿಸಿಲು ಬೀಳುವ ಗೋಡೆಯ ಮೇಲಿನ ಹಳೆಯ ಪೋಸ್ಟರನ್ನು ಹತ್ತಿರ ನಿಂತು ನೋಡಿ. ಮುಖಗಳ ಕೆಂಪು ಹೋಗಿ, ಸೀರೆಯ ಹಳದಿ ಹೋಗಿ, ಚಿತ್ರವೆಲ್ಲ ನೀಲಿ ಮತ್ತು ಕಪ್ಪಿಗೆ ತಿರುಗಿರುತ್ತದೆ. ಹಳದಿ ಮತ್ತು ರುಬಿನ್ ಬಿಸಿಲಿಗೆ ಸೋತಿವೆ, ಥ್ಯಾಲೊಸಯನಿನ್ ಮತ್ತು ಕಾರ್ಬನ್ ನಿಂತಿವೆ. ಬಣ್ಣ ಬೆಳಕನ್ನು ಎಷ್ಟು ತಾಳುತ್ತದೆ ಎಂದು ಅಳೆಯುವ, ಒಂದರಿಂದ ಎಂಟರವರೆಗಿನ ಬ್ಲೂ ವೂಲ್ ಮಾಪಕ ಹೇಳುವುದನ್ನೇ ಆ ಪೋಸ್ಟರ್ ಹೇಳುತ್ತದೆ. ಕಾರಿನ ಬಣ್ಣಕ್ಕೆ ಈ ರುಬಿನ್ ನಡೆಯದು. ಬೆಲೆ ಹೆಚ್ಚಾದರೂ ಬಿಸಿಲು ತಾಳುವ ಕ್ವಿನಾಕ್ರಿಡೋನ್ ಎಂಬ ವರ್ಣದ್ರವ್ಯ ಬೇಕು.

ಥ್ಯಾಲೊಸಯನಿನ್ ದೊರೆತ ಕಥೆಯನ್ನು ಬಿಡುವಂತಿಲ್ಲ. 1928ರಲ್ಲಿ ಸ್ಕಾಟ್‌ಲೆಂಡಿನ ಗ್ರೇಂಜ್‌ಮೌತ್ ಕಾರ್ಖಾನೆಯಲ್ಲಿ ಬಿಳಿಯ ಥ್ಯಾಲಿಮೈಡ್ ತಯಾರಿಸುವ ಪಾತ್ರೆಯ ಎನಾಮಲ್ ಬಿರುಕುಬಿಟ್ಟಿತ್ತು. ಒಳಗಿನ ಕಬ್ಬಿಣಕ್ಕೆ ರಾಸಾಯನಿಕ ತಾಗಿ ನೀಲಿ ಕಲ್ಮಶ ಕಾಣಿಸಿಕೊಂಡಿತು. ಕಬ್ಬಿಣದ ಬದಲು ತಾಮ್ರ ಇರುವ ರೂಪ 1930ರ ದಶಕದಲ್ಲಿ ಮಾರುಕಟ್ಟೆಗೆ ಬಂತು.

ರುಬಿನ್ ಇನ್ನೊಂದು ಕಾರಣಕ್ಕೆ ನೆನಪಿರಲಿ. ಕರಗುವ ಡೈಗೆ ಕ್ಯಾಲ್ಸಿಯಂನಂತಹ ಲೋಹದ ಲವಣ ಸೇರಿಸಿ ಕರಗದಂತೆ ಮಾಡಿದರೆ ಅದು ಲೇಕ್ ವರ್ಣದ್ರವ್ಯ; ರುಬಿನ್ ಅಂಥದ್ದೇ ಒಂದು. ಇಂಗ್ಲಿಷಿನ ಈ ಪದಕ್ಕೂ ಕೆರೆಗೂ ಸಂಬಂಧವಿಲ್ಲ. ಅದರ ಮೂಲ ನಮ್ಮ ಲಾಕ್ಷಾ, ಅಂದರೆ ಅರಗು.

ಕೊನೆಗೆ ಬ್ಯಾಡಗಿ ಮೆಣಸಿನಕಾಯಿ, ಏಕೆಂದರೆ ಪ್ರಶ್ನೆಪತ್ರಿಕೆ ಕೇಳುವ ನೈಸರ್ಗಿಕ ವರ್ಣದ್ರವ್ಯಗಳಿಗೆ ಹಾವೇರಿ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು. ಇದರ ಕೆಂಪು ಕ್ಯಾಪ್ಸಾಂಥಿನ್ ಎಂಬ ಕ್ಯಾರೊಟಿನಾಯ್ಡ್. ಖಾರ ಕ್ಯಾಪ್ಸೈಸಿನ್ ಎಂಬ ಬೇರೆಯೇ ಅಣು. ಅದಕ್ಕಾಗಿಯೇ ಬ್ಯಾಡಗಿ ಕಾಯಿ ಕಡುಗೆಂಪಾಗಿದ್ದೂ ಖಾರ ಕಡಿಮೆ. ಪುಡಿಯ ಬಣ್ಣವನ್ನು ಅಸಿಟೋನಿನಲ್ಲಿ ಬಿಡಿಸಿ, 460 ನ್ಯಾನೋಮೀಟರಿನ ಬೆಳಕನ್ನು ಅದು ಎಷ್ಟು ಹೀರುತ್ತದೆ ಎಂದು ಅಳೆದು ಬಣ್ಣದ ಗಾಢತೆ ಹೇಳುವ ಆಸ್ಟಾ ಮೌಲ್ಯ ಕೊಡುತ್ತಾರೆ. ಕಾರ್ಖಾನೆಯಲ್ಲಿ ಹೆಕ್ಸೇನ್‌ನಂತಹ ದ್ರಾವಕದಿಂದ ಓಲಿಯೊರೆಸಿನ್ ಎಂಬ ಎಣ್ಣೆಯಂತಹ ಗಾಢ ಸಾರ ತೆಗೆದು ಆಹಾರಕ್ಕೂ ಲಿಪ್‌ಸ್ಟಿಕ್‌ಗೂ ಬಳಸುತ್ತಾರೆ.

ಇಲ್ಲಿ ಎಚ್ಚರ ಬೇಕು. ಜೀವಶಾಸ್ತ್ರದಲ್ಲಿ ಪಿಗ್ಮೆಂಟ್ ಎನಿಸಿಕೊಳ್ಳುವ ಕ್ಯಾಪ್ಸಾಂಥಿನ್ ಎಣ್ಣೆಯಲ್ಲಿ ಕರಗುತ್ತದೆ. ಒಗ್ಗರಣೆಯ ಎಣ್ಣೆ ಕೆಂಪಾಗುವುದು ಅದರಿಂದಲೇ. ಹಾಗಾಗಿ ನಮ್ಮ ಲೋಟದ ಪರೀಕ್ಷೆಗೆ ಇದು ಒಗ್ಗದು, ಉತ್ತರದಲ್ಲಿ ಆಹಾರದ ಬಣ್ಣ ಎಂದೇ ಬರೆಯಿರಿ. ಕಲಬೆರಕೆಗೆ ಬಳಸುವ ಸುಡಾನ್ ಡೈ ಕೂಡ ಎಣ್ಣೆಯಲ್ಲಿ ಕರಗುವುದರಿಂದ ಒಗ್ಗರಣೆ ನೋಡಿ ಅದನ್ನು ಪತ್ತೆಹಚ್ಚಲಾಗದು, ಮಿಶ್ರಣದ ಘಟಕಗಳನ್ನು ಬೇರ್ಪಡಿಸುವ ಕ್ರೊಮ್ಯಾಟೋಗ್ರಫಿಯೇ ಬೇಕು. ಕ್ಯಾಪ್ಸಾಂಥಿನ್ ಸೋಲುವುದು ಬೆಳಕು, ಗಾಳಿ, ಶಾಖ ಮೂರಕ್ಕೂ. ಅದರ ಉದ್ದದ ದ್ವಿಬಂಧಗಳ ಸರಪಳಿಗೆ ಆಮ್ಲಜನಕ ಸೇರಿದಂತೆಲ್ಲ ಕೆಂಪು ಪೇಲವವಾಗುತ್ತದೆ. ಬ್ಯಾಡಗಿಯ ಸುತ್ತ ಅಷ್ಟೊಂದು ಶೀತಲಗೃಹಗಳು ಎದ್ದಿರುವುದು ಕಾಯಿಯ ಜೊತೆಗೆ ಈ ಕೆಂಪನ್ನೂ ಕಾಯಲು.